ತುಂಗಭದ್ರೆಯ ತಾಳ್ಮೆಗೆ ಎಲ್ಲೆ ಎಲ್ಲಿ?

ಶಿರಹಟ್ಟಿ ಸೀಮೆಯ ದಕ್ಷಿಣದಂಚಿನಲ್ಲಿ ತುಂಗಭದ್ರೆ ಹರಿಯುತ್ತದೆ. ಆ ಹೊಳೆಯ ಮೇಲ್ಭಾಗದಲ್ಲಿ, ಹರಿಹರದ ಬಳಿಯ ಕುಮಾರಪಟ್ಟಣದಲ್ಲಿ, 1970ರ ದಶಕದಲ್ಲಿ ರೇಯಾನ್ ನಾರಿನ ಕಾರ್ಖಾನೆಗಳು ತಲೆಯೆತ್ತಿದವು. 1984ರಲ್ಲಿ ಅವುಗಳ ಕೆಳಗಿನ ಹರಿವಿನಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತವು. ಧಾರವಾಡದ ಸಮಾಜ ಪರಿವರ್ತನ ಸಮುದಾಯವು ನದೀತೀರದ ಜನರೊಡನೆ ದನಿಯೆತ್ತಿತು. ನದಿಯು ಎಷ್ಟು ಕಲ್ಮಷವನ್ನು ತಾಳಬಲ್ಲದೆಂಬ ಪ್ರಶ್ನೆ ಆಗ ಜೀವನ್ಮರಣದ ಪ್ರಶ್ನೆಯಾಯಿತು.

ಇದರ ಗಣಿತವನ್ನು 1925ರಲ್ಲಿಯೇ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಎಂಬವರು ಅಮೆರಿಕದ ಓಹಾಯೋ ನದಿಯನ್ನು ಅಭ್ಯಸಿಸಿ ರೂಪಿಸಿದ್ದರು. ಕೊಳೆಯುವ ವಸ್ತುವು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರುತ್ತದೆ. ಗಾಳಿಯು ಅದನ್ನು ಮೆಲ್ಲನೆ ಮರಳಿ ತುಂಬುತ್ತದೆ. ಕೊರತೆಯು ಪರಮಾವಧಿಯನ್ನು ಮುಟ್ಟುವುದು ಕಲ್ಮಷ ಸೇರಿದ ಸ್ಥಳದಿಂದ ದೂರ, ಕೆಳದಂಡೆಯಲ್ಲಿ. ಸುರಿದವನೊಬ್ಬ, ನೋಯುವವನು ಮತ್ತೊಬ್ಬ. ತುಂಬುಹೊಳೆಯನ್ನು ನೋಡಿ ಗೊತ್ತುಮಾಡಿದ ಎಲ್ಲೆಯನ್ನು ಬೇಸಿಗೆಯ ಬಡಹರಿವು ತಾಳದು.

ಜೈನಾಗಮವು ನೀರನ್ನೇ ಶರೀರವಾಗುಳ್ಳ ಅಪ್ಕಾಯಿಕ ಜೀವಗಳನ್ನು ಹೇಳುತ್ತದೆ. ಶ್ರಾವಕರು ನೀರನ್ನು ಸೋಸಿ, ಬಟ್ಟೆಯಲ್ಲುಳಿದ ಜೀವಗಳನ್ನು ಅವುಗಳ ನೆಲೆಗೇ ಮರಳಿಸುವರು. ಆ ಆಚಾರಕ್ಕೆ ಅಳತೆಗೋಲು ಅತಿ ಸಣ್ಣ ಜೀವ. ಪುಲಿಗೆರೆಯ ಶಂಖಬಸದಿಯನ್ನು ಉಳಿಸಿಕೊಂಡ ಈ ನಾಡು ನದಿಗೂ ಅದೇ ಅಳತೆಗೋಲನ್ನು ಹಿಡಿಯಬೇಕು: ಅತಿ ಸಣ್ಣ ಹರಿವು, ಅತಿ ದುರ್ಬಲ ಜೀವ. ಅಭಿಷೇಕದ ನೀರನ್ನು ಸೋಸುವ ಕೈಗಳಿಗೆ ಹೊಳೆಯ ಲೆಕ್ಕವನ್ನು ಕೇಳುವುದೂ ಧರ್ಮವೇ.