ಮಗುವಿನ ಮೌನ: ಮಾತೃವಿಯೋಗವನ್ನು ಕುರಿತ ಸಂಶೋಧನೆಯ ಇತಿಹಾಸ

೧

ಶಿಶುವಿನ ದೇಹಪೋಷಣೆಯನ್ನು ಕುರಿತ ಶಾಸ್ತ್ರವು ಬಹುಕಾಲದಿಂದ ಬೆಳೆದುಬಂದುದಾದರೂ, ಶಿಶುವಿನ ಮನಸ್ಸನ್ನು ಕುರಿತ ಶಾಸ್ತ್ರವು ಪುಷ್ಟವಾದುದು ಇಪ್ಪತ್ತನೆಯ ಶತಮಾನದಲ್ಲಿಯೇ. ಈ ವಿಳಂಬಕ್ಕೆ ಕಾರಣವುಂಟು. ದೊಡ್ಡವರ ಮನೋವ್ಯಥೆಯನ್ನು ಅವರ ಬಾಯಿಂದಲೇ ಕೇಳಿ ತಿಳಿಯಬಹುದು. ಮಾತು ಬಾರದ ಕೂಸಿನ ವ್ಯಥೆಯನ್ನು ಅದರ ನಡೆವಳಿಕೆಯಿಂದ ಊಹಿಸಬೇಕಲ್ಲದೆ ಬೇರೆ ದಾರಿಯಿಲ್ಲ. ಅಳುವು ಎಲ್ಲರಿಗೂ ತಿಳಿಯುವ ಗುರುತು. ಅಳು ನಿಂತಿತೆಂದರೆ ದುಃಖವೂ ತೀರಿತೆಂದು ಜನರು ಭಾವಿಸಿದರು. ವೈದ್ಯರೂ ದಾದಿಯರೂ ಹಾಗೆಯೇ ಭಾವಿಸಿದರು. ತಾಯಿಯನ್ನು ಅಗಲಿದ ಮಗುವಿನ ವಿಷಯದಲ್ಲಿ ಈ ಭಾವನೆಯು ತಪ್ಪೆಂದು ಸ್ಥಾಪಿಸುವುದಕ್ಕೆ ಅರ್ಧ ಶತಮಾನಕ್ಕೂ ಮೀರಿದ ಪರಿಶ್ರಮವು ಬೇಕಾಯಿತು. ಆ ಪರಿಶ್ರಮವು ನಡೆದ ಬಗೆಯನ್ನೂ, ಅದರಲ್ಲಿ ಸೇರಿಕೊಂಡ ಅತ್ಯುಕ್ತಿಯನ್ನೂ, ಆ ಅತ್ಯುಕ್ತಿಯನ್ನು ತಿದ್ದಿದ ಕ್ರಮವನ್ನೂ ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಯೂರೋಪು ಅಮೆರಿಕಗಳ ಅನಾಥಾಲಯಗಳನ್ನೂ ಮಕ್ಕಳ ಆಸ್ಪತ್ರೆಗಳನ್ನೂ ಆಳುತ್ತಿದ್ದುದು ಸೋಂಕಿನ ಭಯ. ರೋಗಾಣುಗಳ ಶೋಧವಾದ ಬಳಿಕ ಮುಟ್ಟದಿರುವುದೇ ಕ್ಷೇಮವೆಂಬ ನಿಯಮವು ಬಲವಾಯಿತು. ಮಕ್ಕಳನ್ನು ಒಂದೊಂದಾಗಿ ಬೇರ್ಪಡಿಸಿ ಮಲಗಿಸುವುದು, ತಾಯಿತಂದೆಗಳನ್ನು ಹೊರಗೇ ನಿಲ್ಲಿಸುವುದು, ಹೊತ್ತಿಗೆ ಸರಿಯಾಗಿ ಹಾಲೂಡಿಸಿ ಹೊರಟುಬಿಡುವುದು, ಇವು ಉತ್ತಮ ಶುಶ್ರೂಷೆಯ ಲಕ್ಷಣಗಳೆನಿಸಿದುವು. ಮನಶ್ಶಾಸ್ತ್ರವೂ ಇದಕ್ಕೆ ಬೆಂಬಲವಿತ್ತಿತು. ಅಮೆರಿಕದ ಜಾನ್ ವಾಟ್ಸನ್ ಎಂಬ ವಿದ್ವಾಂಸರು ೧೯೨೮ ರಲ್ಲಿ ಪ್ರಕಟಿಸಿದ ಶಿಶುಪಾಲನೆಯ ಗ್ರಂಥದಲ್ಲಿ, ಮಕ್ಕಳನ್ನು ಅಪ್ಪಿ ಮುದ್ದಿಸುವುದು ಹಾನಿಕರವೆಂದೂ, ಬೆಳಗಾದರೆ ಕೈಕುಲುಕಿದರೆ ಸಾಕೆಂದೂ ತಾಯಂದಿರಿಗೆ ಬುದ್ಧಿ ಹೇಳಿದರು. ಇದಕ್ಕೆ ವಿರುದ್ಧವಾಗಿ ನಡೆದವರು ವಿರಳ. ಇಂಗ್ಲೆಂಡಿನ ನ್ಯೂಕಾಸಲ್ ನಗರದಲ್ಲಿ ಜೇಮ್ಸ್ ಸ್ಪೆನ್ಸ್ ಎಂಬ ವೈದ್ಯರು ೧೯೨೦ರ ದಶಕದಲ್ಲಿಯೇ ರೋಗಿಯಾದ ಕೂಸಿನೊಡನೆ ತಾಯಿಯನ್ನೂ ಆಸ್ಪತ್ರೆಯಲ್ಲಿ ಇರಿಸಿಕೊಂಡರು. ಆದರೆ ಇತರರು ಅದನ್ನು ಅನುಸರಿಸಲಿಲ್ಲ.

೨

ಈ ಪದ್ಧತಿಯ ಫಲವನ್ನು ಮೊದಲು ಲೆಕ್ಕವಿಟ್ಟು ತೋರಿಸಿದವರಲ್ಲಿ ವಿಯೆನ್ನಾ ನಗರದಲ್ಲಿ ಜನಿಸಿ ಅಮೆರಿಕಕ್ಕೆ ವಲಸೆಹೋದ ರೆನೆ ಸ್ಪಿಟ್ಜ್ ಎಂಬ ಮನೋವೈದ್ಯರು ಮುಖ್ಯರು. ೧೯೪೫ ರಲ್ಲಿ ಪ್ರಕಟವಾದ ಅವರ ಪ್ರಬಂಧವು ಎರಡು ಸಂಸ್ಥೆಗಳ ಶಿಶುಗಳನ್ನು ಹೋಲಿಸಿ ನೋಡಿತು. ಒಂದು, ಸೆರೆಮನೆಯೊಂದಕ್ಕೆ ಸೇರಿದ ಶಿಶುಶಾಲೆ; ಅಲ್ಲಿ ಶಿಕ್ಷೆಗೊಳಗಾದ ತಾಯಂದಿರು ತಮ್ಮ ಮಕ್ಕಳನ್ನು ತಾವೇ ನೋಡಿಕೊಳ್ಳುತ್ತಿದ್ದರು. ಮತ್ತೊಂದು, ತಬ್ಬಲಿ ಶಿಶುಗಳ ಆಲಯ; ಅಲ್ಲಿ ಅನ್ನಕ್ಕಾಗಲಿ ಶುಚಿತ್ವಕ್ಕಾಗಲಿ ವೈದ್ಯಸಹಾಯಕ್ಕಾಗಲಿ ಕೊರತೆಯಿರಲಿಲ್ಲ; ಆದರೆ ಸುಮಾರು ಎಂಟು ಕೂಸುಗಳಿಗೆ ಒಬ್ಬಳೇ ದಾದಿ. ಮಂಚಗಳ ಬದಿಗೆ ಬಟ್ಟೆ ಇಳಿಬಿಟ್ಟಿದ್ದುದರಿಂದ ಮಗುವಿಗೆ ಮೇಲಿನ ಚಾವಣಿಯಲ್ಲದೆ ಬೇರೇನೂ ಕಾಣುತ್ತಿರಲಿಲ್ಲ.

ಆಲಯದ ಶಿಶುಗಳ ಬೆಳವಣಿಗೆಯ ಅಂಕವು ಮೊದಲ ನಾಲ್ಕು ತಿಂಗಳಲ್ಲಿ ಸರಾಸರಿ ೧೨೪ ಇದ್ದುದು ವರ್ಷದ ಕೊನೆಯ ನಾಲ್ಕು ತಿಂಗಳ ಹೊತ್ತಿಗೆ ೭೨ಕ್ಕೆ ಇಳಿಯಿತು. ಸೆರೆಮನೆಯ ಶಿಶುಗಳ ಅಂಕವು ಇಳಿಯಲಿಲ್ಲ. ೧೯೪೬ರ ಮುಂದುವರಿದ ವರದಿಯು ಇನ್ನೂ ಘೋರವಾದುದು: ಎರಡು ವರ್ಷಗಳಲ್ಲಿ ಆಲಯದ ೯೧ ಶಿಶುಗಳ ಪೈಕಿ ೩೪ ತೀರಿಕೊಂಡಿದ್ದುವು; ಸೆರೆಮನೆಯ ಶಾಲೆಯಲ್ಲಿ ಒಂದು ಮಗುವೂ ಸಾಯಲಿಲ್ಲ. ತಾಯಿಯನ್ನು ಅಗಲಿದ ಶಿಶುವು ಮೊದಲು ಅತ್ತು, ಬಳಿಕ ಅಳುವುದನ್ನು ಬಿಟ್ಟು, ಮುಖ ತಿರುಗಿಸಿ, ಊಟ ನಿದ್ರೆಗಳಲ್ಲಿ ಆಸಕ್ತಿ ತೊರೆದು ಕೃಶವಾಗುವುದನ್ನು ಸ್ಪಿಟ್ಜರು ಚಲನಚಿತ್ರದಲ್ಲಿಯೂ ಸೆರೆಹಿಡಿದರು. ಅಂಕಿಗಳನ್ನು ನಂಬದವರು ಆ ಚಿತ್ರದ ಮುಂದೆ ಮೌನವಹಿಸಬೇಕಾಯಿತು.

ಈ ಕೆಲಸದಲ್ಲಿ ಲೋಪಗಳಿದ್ದುವು. ಎರಡು ಸಂಸ್ಥೆಗಳ ಮಕ್ಕಳು ಒಂದೇ ಬಗೆಯ ಕುಲ ಸ್ಥಿತಿಗಳಿಂದ ಬಂದವರಲ್ಲ. ಆಲಯದಲ್ಲಿ ಸೋಂಕು ಹರಡಿದುದರ ಪಾಲೆಷ್ಟು, ತಾಯಿಲ್ಲದಿರುವುದರ ಪಾಲೆಷ್ಟು ಎಂಬುದನ್ನು ಬೇರ್ಪಡಿಸಿ ಹೇಳುವಂತಿರಲಿಲ್ಲ. ೧೯೫೫ ರಲ್ಲಿ ಸ್ಯಾಮ್ಯುಯೆಲ್ ಪಿನೋ ಎಂಬವರು ಈ ಲೋಪಗಳನ್ನು ಎತ್ತಿ ತೋರಿಸಿದರು. ಆದರೂ ಶುಚಿತ್ವ ಮತ್ತು ಆಹಾರಗಳಿಂದಲೇ ಮಗುವು ಬೆಳೆಯಲಾರದೆಂಬ ಸಂದೇಹವು ಒಮ್ಮೆ ಹುಟ್ಟಿದ ಮೇಲೆ ಅಡಗಲಿಲ್ಲ.

೩

ಇದೇ ಸಮಯದಲ್ಲಿ ಇಂಗ್ಲೆಂಡಿನಲ್ಲಿ ಯುದ್ಧವು ಬಲುದೊಡ್ಡ ಪ್ರಯೋಗಶಾಲೆಯನ್ನು ತೆರೆದಂತಾಗಿತ್ತು. ೧೯೩೯ರ ಸೆಪ್ಟೆಂಬರಿನಲ್ಲಿ ಬಾಂಬುದಾಳಿಯ ಭಯದಿಂದ ಸುಮಾರು ಹದಿನೈದು ಲಕ್ಷ ಜನರನ್ನು ನಗರಗಳಿಂದ ಹಳ್ಳಿಗಳಿಗೆ ಸಾಗಿಸಲಾಯಿತು; ಅವರಲ್ಲಿ ಬಹುಮಂದಿ ತಾಯಿತಂದೆಗಳಿಲ್ಲದೆ ಹೊರಟ ಶಾಲೆಯ ಮಕ್ಕಳು. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ತಾಯಿಯಿಂದ ಅಗಲಿಸುವುದು ಅಪಾಯಕರವೆಂದು ಜಾನ್ ಬೋಲ್ಬಿ, ಎಮಾನ್ಯುಯೆಲ್ ಮಿಲ್ಲರ್, ಡೊನಾಲ್ಡ್ ವಿನಿಕಾಟ್ ಎಂಬ ಮೂವರು ವೈದ್ಯರು ಅದೇ ಡಿಸೆಂಬರಿನಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಗೆ ಬರೆದು ಎಚ್ಚರಿಸಿದರು. ಲಂಡನ್ನಿನ ಹ್ಯಾಂಪ್‌ಸ್ಟೆಡ್ಡಿನಲ್ಲಿ ಆನ್ನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗಂ ಎಂಬವರು ಯುದ್ಧಕಾಲದ ಶಿಶುಗೃಹಗಳನ್ನು ನಡೆಸಿ, ಅಲ್ಲಿನ ಮಕ್ಕಳ ನಡೆವಳಿಕೆಯನ್ನು ಕೆಲಸಗಾರರೆಲ್ಲರಿಂದಲೂ ಚೀಟಿಗಳಲ್ಲಿ ಬರೆಯಿಸಿ ಸಂಗ್ರಹಿಸಿದರು. ಹಾಗೆ ಬರೆಯುವುದನ್ನು ಕಲಿತವರಲ್ಲಿ ಅಲ್ಲಿ ಬಾಯ್ಲರಿನ ಕೆಲಸಕ್ಕಿದ್ದ ಜೇಮ್ಸ್ ರಾಬರ್ಟ್‌ಸನ್ ಎಂಬ ತರುಣರೂ ಒಬ್ಬರು.

ಬೋಲ್ಬಿಯವರು ೧೯೪೪ ರಲ್ಲಿ ಕಳವು ಮಾಡಿದ ೪೪ ಮಕ್ಕಳ ವೃತ್ತಾಂತಗಳನ್ನು ಪ್ರಕಟಿಸಿದರು. ಅವರಲ್ಲಿ ೧೪ ಮಂದಿ ಯಾರ ಮೇಲೂ ಮಮತೆಯಿಲ್ಲದವರಾಗಿ ಕಂಡರು. ಆ ೧೪ ಮಂದಿಯಲ್ಲಿ ೧೨ ಮಂದಿ ಎಳವೆಯಲ್ಲಿ ದೀರ್ಘಕಾಲ ತಾಯಿಯನ್ನು ಅಗಲಿದ್ದವರು. ಸಂಖ್ಯೆ ಚಿಕ್ಕದು, ಮಕ್ಕಳನ್ನು ಪರೀಕ್ಷಿಸಿದವರೂ ತೀರ್ಮಾನ ಹೇಳಿದವರೂ ಒಬ್ಬರೇ. ಆದರೂ ಯುದ್ಧಾನಂತರ ಲೋಕದಲ್ಲಿ ನಿರ್ಗತಿಕರಾದ ಮಕ್ಕಳ ಸಮಸ್ಯೆಯು ದೊಡ್ಡದಾಗಿದ್ದುದರಿಂದ ವಿಶ್ವ ಆರೋಗ್ಯ ಸಂಸ್ಥೆಯು ಈ ವಿಷಯದ ಪರಿಶೀಲನೆಯನ್ನು ಅವರಿಗೆ ಒಪ್ಪಿಸಿತು. ೧೯೫೧ ರಲ್ಲಿ ಹೊರಬಂದ ಅವರ ವರದಿಯು, ಶರೀರಕ್ಕೆ ಪೋಷಕಾಂಶಗಳು ಹೇಗೋ ಶಿಶುವಿನ ಮನಸ್ಸಿಗೆ ತಾಯಿಯ ಪ್ರೀತಿಯು ಹಾಗೆ ಅವಶ್ಯಕವೆಂದು ಸಾರಿತು.

ವರದಿಗಿಂತ ಹೆಚ್ಚಾಗಿ ಆಸ್ಪತ್ರೆಗಳ ಬಾಗಿಲನ್ನು ತಟ್ಟಿದುದು ರಾಬರ್ಟ್‌ಸನ್ನರ ಚಲನಚಿತ್ರ. ಬೋಲ್ಬಿಯವರ ಸಹೋದ್ಯೋಗಿಯಾಗಿ ಅವರು ೧೯೪೮ ರಿಂದ ಮಕ್ಕಳ ವಾರ್ಡುಗಳಲ್ಲಿ ಕುಳಿತು ನೋಡಿದರು. ಆಗ ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳಲ್ಲಿ ತಾಯಿತಂದೆಗಳಿಗೆ ವಾರದಲ್ಲಿ ಒಂದೆರಡು ಗಂಟೆಗಳಿಗಿಂತ ಹೆಚ್ಚಾಗಿ ಪ್ರವೇಶವಿರಲಿಲ್ಲ. ಕೆಲವೆಡೆ ಪ್ರವೇಶವೇ ಇರಲಿಲ್ಲ. ತಾಯಿ ಬಂದುಹೋದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ, ಆದುದರಿಂದ ಬಾರದಿರುವುದೇ ಮಗುವಿಗೆ ಹಿತ ಎಂಬುದು ದಾದಿಯರ ವಾದ. ರಾಬರ್ಟ್‌ಸನ್ನರು ಈ ವಾದವನ್ನು ತಲೆಕೆಳಗು ಮಾಡಿದರು. ಅಗಲಿದ ಮಗುವು ಮೂರು ಹಂತಗಳನ್ನು ಹಾದುಹೋಗುವುದನ್ನು ಅವರು ಗುರುತಿಸಿದರು. ಮೊದಲನೆಯದು ಪ್ರತಿಭಟನೆ: ಅಳು, ಕೂಗು, ಹುಡುಕಾಟ. ಎರಡನೆಯದು ನಿರಾಶೆ: ಮಗು ಮಂಕಾಗಿ ಕುಳಿತಿರುವುದು. ಮೂರನೆಯದು ವಿಮುಖತೆ: ಮಗು ಮತ್ತೆ ಉಣ್ಣುತ್ತದೆ, ಆಡುತ್ತದೆ, ಎಲ್ಲರಿಗೂ ನಗೆ ತೋರುತ್ತದೆ, ತಾಯಿ ಬಂದರೆ ಮಾತ್ರ ಗುರುತಿಲ್ಲದಂತೆ ಇದ್ದುಬಿಡುತ್ತದೆ. ಆಸ್ಪತ್ರೆಯು ಮಗು ಹೊಂದಿಕೊಂಡಿತೆಂದು ಕರೆಯುತ್ತಿದ್ದುದು ಈ ಮೂರನೆಯ ಹಂತವನ್ನೇ.

ಎರಡು ವರ್ಷ ಐದು ತಿಂಗಳಿನ ಹೆಣ್ಣುಮಗುವೊಂದು ಸಣ್ಣ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆಯಲ್ಲಿ ಕಳೆದ ಎಂಟು ದಿನಗಳನ್ನು ಅವರು ಚಿತ್ರಿಸಿದರು. ತಮಗೆ ಬೇಕಾದ ದೃಶ್ಯಗಳನ್ನು ಆರಿಸಿದರೆಂಬ ಆಕ್ಷೇಪಣೆ ಬಾರದಂತೆ ದಿನವೂ ಗೊತ್ತಾದ ಹೊತ್ತಿನಲ್ಲಿಯೇ ಚಿತ್ರ ತೆಗೆದು, ಗೋಡೆಯ ಗಡಿಯಾರವೂ ಅದರಲ್ಲಿ ಕಾಣುವಂತೆ ನೋಡಿಕೊಂಡರು. ೧೯೫೨ ರಲ್ಲಿ ಲಂಡನ್ನಿನ ವೈದ್ಯಸಭೆಯಲ್ಲಿ ಚಿತ್ರವನ್ನು ತೋರಿಸಿದಾಗ ಬಹುಮಂದಿ ಕೋಪಗೊಂಡರು; ತಮ್ಮ ವೃತ್ತಿಗೆ ಅವಮಾನವಾಯಿತೆಂದರು. ಆದರೆ ಏಳು ವರ್ಷಗಳೊಳಗಾಗಿ ಮತವು ಬದಲಾಯಿಸಿತು. ಸರ್ ಹ್ಯಾರಿ ಪ್ಲಾಟ್ ಎಂಬ ಶಸ್ತ್ರವೈದ್ಯರ ಅಧ್ಯಕ್ಷತೆಯ ಸಮಿತಿಯು ೧೯೫೯ರ ವರದಿಯಲ್ಲಿ, ತಾಯಿತಂದೆಗಳಿಗೆ ನಿರ್ಬಂಧವಿಲ್ಲದ ಪ್ರವೇಶವಿರಬೇಕೆಂದೂ ಚಿಕ್ಕ ಮಕ್ಕಳೊಡನೆ ತಾಯಿಯು ಉಳಿಯಲು ಅನುಕೂಲವಿರಬೇಕೆಂದೂ ಸಲಹೆಯಿತ್ತಿತು. ಸಲಹೆಯು ಕಾಗದದಲ್ಲಿಯೇ ಉಳಿಯದಂತೆ ೧೯೬೧ ರಲ್ಲಿ ತಾಯಂದಿರೇ ಸಂಘ ಕಟ್ಟಿಕೊಂಡು ಒತ್ತಾಯಪಡಿಸಿದರು.

೪

ಅಗಲಿಕೆಯಿಂದ ನೋವಾಗುವುದು ನಿಜವಾದರೆ, ಅಗಲದ ಮುನ್ನ ಇದ್ದ ಸಂಬಂಧದ ಸ್ವರೂಪವೇನು? ಹಾಲೂಡುವವಳೆಂಬ ಕಾರಣದಿಂದ ಮಗು ತಾಯಿಯನ್ನು ಬಯಸುವುದೆಂದು ಆವರೆಗಿನ ಶಾಸ್ತ್ರವು ಹೇಳುತ್ತಿತ್ತು. ಬೋಲ್ಬಿಯವರು ಇದನ್ನು ಒಪ್ಪಲಿಲ್ಲ. ಮರಿಗಳು ಹುಟ್ಟಿದೊಡನೆ ತಾಯನ್ನು ಹಿಂಬಾಲಿಸುವುದನ್ನು ಕುರಿತ ಪ್ರಾಣಿಶಾಸ್ತ್ರದ ಶೋಧನೆಗಳನ್ನು ಆಧರಿಸಿ, ಅಪಾಯದಲ್ಲಿ ಒಬ್ಬರ ಬಳಿ ಸೇರಿಕೊಳ್ಳುವ ಪ್ರವೃತ್ತಿಯು ಹಸಿವಿನಷ್ಟೇ ಸಹಜವೆಂದು ಅವರು ವಾದಿಸಿದರು. ಈ ಸಂಬಂಧಕ್ಕೆ ಕನ್ನಡದಲ್ಲಿ ಹೊಸ ಪದವನ್ನು ಹೊಸೆಯಬೇಕಾಗಿಲ್ಲ. ‘ನಂಟು’ ಎಂಬ ಹಳೆಯ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಹ್ಯಾರಿ ಹಾರ್ಲೋ ಎಂಬವರು ೧೯೫೮ ರಲ್ಲಿ ಪ್ರಕಟಿಸಿದ ಪ್ರಯೋಗವು ಇದಕ್ಕೆ ಪುಷ್ಟಿಕೊಟ್ಟಿತು. ತಾಯಿಂದ ಬೇರ್ಪಡಿಸಿದ ಕೋತಿಮರಿಗಳ ಮುಂದೆ ಅವರು ಎರಡು ಬೊಂಬೆತಾಯಿಗಳನ್ನು ಇಟ್ಟರು: ಒಂದು ಬರಿಯ ತಂತಿಯದು, ಮತ್ತೊಂದು ಮೆತ್ತನೆಯ ಬಟ್ಟೆ ಹೊದಿಸಿದುದು. ಹಾಲು ತಂತಿಯ ತಾಯಿಯಲ್ಲಿದ್ದಾಗಲೂ ಮರಿಗಳು ಹಾಲು ಕುಡಿಯುವಷ್ಟು ಹೊತ್ತು ಮಾತ್ರ ಅಲ್ಲಿದ್ದು, ಉಳಿದ ಹೊತ್ತೆಲ್ಲ ಬಟ್ಟೆಯ ತಾಯನ್ನು ಅಪ್ಪಿಕೊಂಡಿದ್ದುವು. ಆದರೆ ಹಾಗೆ ಬೆಳೆದ ಮರಿಗಳು ಮುಂದೆ ತಮ್ಮ ಜಾತಿಯೊಡನೆ ಕೂಡಿ ಬಾಳಲಾರದೆ ಹೋದುವು. ಈ ಪ್ರಯೋಗಗಳ ಕ್ರೌರ್ಯವನ್ನು ಮುಂದಿನವರು ಖಂಡಿಸಿರುವುದು ನ್ಯಾಯವಾಗಿದೆ.

ಮನುಷ್ಯಶಿಶುವಿನ ನಂಟನ್ನು ಅದರ ಮನೆಯಲ್ಲಿಯೇ ಕುಳಿತು ನೋಡಿದವರು ಮೇರಿ ಐನ್ಸ್‌ವರ್ತ್. ಅವರು ಮೊದಲು ಆಫ್ರಿಕದ ಯುಗಾಂಡದಲ್ಲಿ ೨೬ ಕುಟುಂಬಗಳನ್ನೂ, ಬಳಿಕ ಅಮೆರಿಕದ ಬಾಲ್ಟಿಮೋರಿನಲ್ಲಿ ೨೬ ಕುಟುಂಬಗಳನ್ನೂ ಪರಿಶೀಲಿಸಿದರು. ಒಂದು ವರ್ಷದ ಮಗುವನ್ನು ಅಪರಿಚಿತ ಕೋಣೆಯಲ್ಲಿ ಕೆಲವು ನಿಮಿಷ ತಾಯಿಯಿಂದ ಅಗಲಿಸಿ, ತಾಯಿ ಹಿಂದಿರುಗಿದಾಗ ಅದು ನಡೆದುಕೊಳ್ಳುವ ರೀತಿಯನ್ನು ನೋಡುವ ಪರೀಕ್ಷೆಯು ಅವರಿಂದಲೇ ಬಂದಿತು. ಹಲವು ಮಕ್ಕಳು ಅತ್ತು, ತಾಯಿ ಬಂದೊಡನೆ ಸಮಾಧಾನ ಹೊಂದಿದುವು. ಕೆಲವು ಅಳಲೇ ಇಲ್ಲ. ತಾಯಿ ಬಂದರೂ ಆಟದ ವಸ್ತುವಿನಿಂದ ತಲೆಯೆತ್ತಲಿಲ್ಲ. ಇವು ಸ್ವತಂತ್ರ ಸ್ವಭಾವದ ಮಕ್ಕಳೆಂದು ಮೇಲುನೋಟಕ್ಕೆ ತೋರುವುದು ಸಹಜ. ಆದರೆ ೧೯೭೭ ರಲ್ಲಿ ಆಲನ್ ಸ್ರೂಫ್ ಮತ್ತು ಎವರೆಟ್ ವಾಟರ್ಸ್ ಎಂಬವರು ಇಂಥ ಮಕ್ಕಳ ಹೃದಯದ ಬಡಿತವನ್ನು ಅಳೆದಾಗ, ಅಳುವ ಮಕ್ಕಳಂತೆಯೇ ಇವುಗಳ ಎದೆಯೂ ವೇಗವಾಗಿ ಬಡಿದುಕೊಳ್ಳುತ್ತಿದ್ದುದು ಗೊತ್ತಾಯಿತು. ರಾಬರ್ಟ್‌ಸನ್ನರು ಕಣ್ಣಿನಿಂದ ಕಂಡುದನ್ನು ಯಂತ್ರವು ಸಮರ್ಥಿಸಿದಂತಾಯಿತು.

೫

ಇಷ್ಟರಲ್ಲಿ ಬೋಲ್ಬಿಯವರ ಮತವು ಜನರ ಬಾಯಲ್ಲಿ ಬಿದ್ದು ರೂಪಾಂತರ ಹೊಂದಿತ್ತು. ತಾಯಿ ಅಥವಾ ತಾಯಿಯ ಸ್ಥಾನದಲ್ಲಿ ಸ್ಥಿರವಾಗಿ ನಿಂತವರು ಎಂದು ೧೯೫೧ರ ವರದಿಯು ಹೇಳಿದ್ದಿತು. ಓದಿದವರು ಮೊದಲ ಮಾತನ್ನು ಹಿಡಿದು ಎರಡನೆಯದನ್ನು ಮರೆತರು. ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಕೆಡಿಸುತ್ತಿರುವರೆಂಬ ಅಪವಾದಕ್ಕೆ ಶಾಸ್ತ್ರದ ಹೆಸರು ಸಿಕ್ಕಿತು. ಹೊತ್ತು ಮುಳುಗುವ ಮೊದಲು ಮನೆಗೆ ಮರಳುವ ತಾಯಿಗೂ ಮಗುವನ್ನು ಆಲಯದಲ್ಲಿ ಬಿಟ್ಟು ಹೋದ ಲೋಕಕ್ಕೂ ಭೇದವೇ ಇಲ್ಲದಂತಾಯಿತು.

ಇದನ್ನು ತಿದ್ದಿದುದು ಸಂಶೋಧನೆಯೇ. ೧೯೬೪ ರಲ್ಲಿ ರುಡಾಲ್ಫ್ ಶಾಫರ್ ಮತ್ತು ಪೆಗಿ ಎಮರ್ಸನ್ ಎಂಬವರು ಗ್ಲಾಸ್ಗೋ ನಗರದ ೬೦ ಶಿಶುಗಳನ್ನು ಅನುಸರಿಸಿ ನೋಡಿದರು. ಹದಿನೆಂಟು ತಿಂಗಳ ಹೊತ್ತಿಗೆ ಒಬ್ಬರೊಡನೆ ಮಾತ್ರ ನಂಟುಳ್ಳ ಮಕ್ಕಳು ನೂರಕ್ಕೆ ೧೩ ರಷ್ಟೇ. ಉಳಿದುವು ತಂದೆ, ಅಜ್ಜಿ, ಒಡಹುಟ್ಟಿದವರು ಮೊದಲಾದವರನ್ನೂ ನೆಚ್ಚಿಕೊಂಡಿದ್ದುವು. ೧೯೭೨ ರಲ್ಲಿ ಮೈಕೇಲ್ ರಟರ್ ಎಂಬ ಮಕ್ಕಳ ಮನೋವೈದ್ಯರು ಎಲ್ಲ ಆಧಾರಗಳನ್ನೂ ಮತ್ತೆ ಶೋಧಿಸಿ, ಮಾತೃವಿಯೋಗವೆಂಬ ಒಂದೇ ಹೆಸರಿನಲ್ಲಿ ಹಲವು ಸಂಗತಿಗಳು ಬೆರೆತಿರುವುದನ್ನು ಬಿಡಿಸಿ ತೋರಿಸಿದರು. ಇದ್ದ ನಂಟು ಕಡಿಯುವುದು ಬೇರೆ. ನಂಟೇ ಹುಟ್ಟದಿರುವುದು ಬೇರೆ. ಮನೆಯೊಳಗಿನ ಕಲಹದಿಂದಾಗುವ ಕೇಡು ಮತ್ತೂ ಬೇರೆ. ಅಗಲಿಕೆಯಿಂದಲೇ ಎಲ್ಲ ಮಕ್ಕಳೂ ಕೆಡುವರೆಂಬುದು ನಿಜವಲ್ಲವೆಂದು ಇದರಿಂದ ಸ್ಪಷ್ಟವಾಯಿತು.

೬

ನಂಟೇ ಹುಟ್ಟದ ಸ್ಥಿತಿಯ ಫಲವೇನೆಂಬುದಕ್ಕೆ ಉತ್ತರವು ರುಮೇನಿಯ ದೇಶದಿಂದ ಬಂದಿತು. ಜನಸಂಖ್ಯೆಯನ್ನು ಹೆಚ್ಚಿಸಲೆಂದು ಅಲ್ಲಿನ ಸರಕಾರವು ೧೯೬೬ ರಲ್ಲಿ ಗರ್ಭಪಾತವನ್ನು ನಿಷೇಧಿಸಿತು. ಸಾಕಲಾರದ ಮಕ್ಕಳನ್ನು ಬಡವರು ಸರಕಾರದ ಆಲಯಗಳಿಗೆ ಒಪ್ಪಿಸಿದರು. ೧೯೮೯ರ ಡಿಸೆಂಬರಿನಲ್ಲಿ ಆ ಪ್ರಭುತ್ವವು ಉರುಳಿದಾಗ ಒಂದು ಲಕ್ಷಕ್ಕೂ ಮೀರಿದ ಮಕ್ಕಳು ಅಲ್ಲಿದ್ದರು. ಹೊರಗಿನಿಂದ ಹೋದವರನ್ನು ಬೆಚ್ಚಿಸಿದ ಸಂಗತಿಗಳಲ್ಲಿ ಕೂಸುಗಳಿಂದ ತುಂಬಿದ ಕೋಣೆಗಳ ನಿಶ್ಶಬ್ದತೆಯೂ ಒಂದು. ಅತ್ತರೆ ಯಾರೂ ಬಾರರೆಂಬುದನ್ನು ಆ ಕೂಸುಗಳು ಕಲಿತಿದ್ದುವು.

ಆ ಮಕ್ಕಳಲ್ಲಿ ಕೆಲವರನ್ನು ಇಂಗ್ಲೆಂಡಿನ ಕುಟುಂಬಗಳು ದತ್ತು ಸ್ವೀಕರಿಸಿದುವು. ಅಂಥ ೧೬೫ ಮಕ್ಕಳನ್ನು ರಟರರೂ ಅವರ ಸಂಗಡಿಗರೂ ಬಹುಕಾಲ ಅನುಸರಿಸಿದರು. ಆಲಯದಲ್ಲಿ ಆರು ತಿಂಗಳಿಗಿಂತ ಕಡಮೆ ಕಾಲವಿದ್ದ ಮಕ್ಕಳು ಇತರ ದತ್ತುಮಕ್ಕಳಂತೆಯೇ ಬೆಳೆದರು. ಹೆಚ್ಚು ಕಾಲವಿದ್ದವರಲ್ಲಿ ಹಲವರಿಗೆ ಪ್ರೌಢವಯಸ್ಸಿನವರೆಗೂ ತೊಂದರೆಗಳು ಉಳಿದುವು. ರುಮೇನಿಯದ ರಾಜಧಾನಿ ಬುಖಾರೆಸ್ಟಿನಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು ಅಮೆರಿಕದ ವಿದ್ವಾಂಸರು ಇನ್ನೂ ಕಟ್ಟುನಿಟ್ಟಾದ ಪರೀಕ್ಷೆ ನಡೆಸಿದರು. ಆಲಯಗಳ ೧೩೬ ಮಕ್ಕಳಲ್ಲಿ ೬೮ ಮಂದಿಯನ್ನು ಚೀಟಿ ಎತ್ತಿದಂತೆ ಆರಿಸಿ ಸಾಕುಮನೆಗಳಿಗೆ ಕಳುಹಿಸಿದರು. ಉಳಿದವರು ಎಂದಿನ ವ್ಯವಸ್ಥೆಯಲ್ಲಿ ಮುಂದುವರಿದರು. ೨೦೦೭ ರಲ್ಲಿ ಪ್ರಕಟವಾದ ಫಲಿತಾಂಶದಂತೆ ನಾಲ್ಕೂವರೆ ವರ್ಷದ ವಯಸ್ಸಿನಲ್ಲಿ ಸರಾಸರಿ ಬುದ್ಧಿಯ ಅಂಕವು ಆಲಯದ ಗುಂಪಿಗೆ ೭೩, ಸಾಕುಮನೆಯ ಗುಂಪಿಗೆ ೮೧, ಸ್ವಂತ ಮನೆಯಲ್ಲಿಯೇ ಬೆಳೆದವರಿಗೆ ೧೦೯. ಎರಡು ವರ್ಷ ತುಂಬುವ ಮೊದಲು ಸಾಕುಮನೆ ಸೇರಿದವರ ಚೇತರಿಕೆಯು ಹೆಚ್ಚಿನದಾಗಿತ್ತು. ಅರ್ಧದಷ್ಟು ಮಕ್ಕಳನ್ನು ಆಲಯದಲ್ಲಿಯೇ ಬಿಟ್ಟುದು ಧರ್ಮವೇ ಎಂಬ ಪ್ರಶ್ನೆಯು ಎದ್ದಿತು. ಆಗ ಬುಖಾರೆಸ್ಟಿನಲ್ಲಿ ಸಾಕುಮನೆಗಳು ಇಲ್ಲವೆನ್ನುವಷ್ಟು ವಿರಳವಾಗಿದ್ದುವೆಂಬುದೂ, ಮುಂದೆ ಅವಕಾಶ ದೊರೆತ ಮಕ್ಕಳನ್ನು ಪರೀಕ್ಷೆಗಾಗಿ ತಡೆಯಲಿಲ್ಲವೆಂಬುದೂ ಸಂಶೋಧಕರ ಸಮಾಧಾನ. ಸ್ಪಿಟ್ಜರ ಹೋಲಿಕೆಯಲ್ಲಿದ್ದ ಮುಖ್ಯ ಲೋಪವು ಮಾತ್ರ ಇಲ್ಲಿ ನಿವಾರಣೆಯಾಯಿತು: ಗುಂಪುಗಳ ಭೇದಕ್ಕೆ ಕುಲವನ್ನಾಗಲಿ ರೋಗವನ್ನಾಗಲಿ ಕಾರಣವೆನ್ನುವಂತಿರಲಿಲ್ಲ.

ಈ ಸಂಶೋಧನೆಗಳ ಫಲವು ಶಾಸನಗಳಲ್ಲಿ ಕಾಣಿಸಿಕೊಂಡಿದೆ. ರುಮೇನಿಯವು ೨೦೦೪ರ ಶಾಸನದಿಂದ ಎರಡು ವರ್ಷಕ್ಕೆ ಚಿಕ್ಕ ಮಕ್ಕಳನ್ನು, ತೀವ್ರ ಅಂಗವೈಕಲ್ಯವುಳ್ಳವರ ಹೊರತು, ಆಲಯಗಳಲ್ಲಿ ಇರಿಸುವುದನ್ನು ನಿಷೇಧಿಸಿತು. ಭಾರತದ ೨೦೧೫ರ ಬಾಲನ್ಯಾಯ ಶಾಸನವೂ ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯವಾಗಿರಬೇಕೆಂದು ವಿಧಿಸುತ್ತದೆ. ಹೀಗಿದ್ದರೂ ಲೋಕದಲ್ಲಿ ಲಕ್ಷಾಂತರ ಮಕ್ಕಳು ಇಂದಿಗೂ ಸಂಸ್ಥೆಗಳಲ್ಲಿಯೇ ಬೆಳೆಯುತ್ತಿದ್ದಾರೆ. ಅಂಥಲ್ಲಿ ಅನ್ನವಸ್ತ್ರಗಳ ಲೆಕ್ಕವನ್ನು ಕೇಳುವುದು ಸುಲಭ. ಮಗುವು ಅತ್ತಾಗ ಬರುವವರು ಪ್ರತಿದಿನವೂ ಅದೇ ವ್ಯಕ್ತಿಯೇ ಎಂಬುದನ್ನೂ ಜೊತೆಗೆ ಕೇಳಬೇಕೆಂಬುದು ಈ ಇತಿಹಾಸದಿಂದ ಸಿದ್ಧವಾಗುವ ವಿಷಯ.