ಉಳುಮೆ ಬಿಟ್ಟ ತೋಟಗಳ ಕಥೆ

ಹೆಬ್ಬಾಳ ಎಂದೊಡನೆ ಇಂದು ನಮಗೆ ನೆನಪಾಗುವುದು ಮೇಲ್ಸೇತುವೆ ಮತ್ತು ವಾಹನಗಳ ಸಾಲು. ಆದರೆ ನಾಡಿನ ಕೃಷಿ ಚರಿತ್ರೆಯಲ್ಲಿ ಈ ಊರಿಗೆ ದೊಡ್ಡ ಸ್ಥಾನವಿದೆ. 1913ರಲ್ಲಿ ಮೈಸೂರು ಸಂಸ್ಥಾನ ಇಲ್ಲಿ ಕೃಷಿ ಶಾಲೆಯನ್ನು ತೆರೆಯಿತು. ಅದಕ್ಕೆ ಕಾರಣರಾದವರು ಕೆನಡಾ ದೇಶದ ಸಸ್ಯರೋಗ ವಿಜ್ಞಾನಿ ಲೆಸ್ಲಿ ಕೋಲ್ಮನ್. ಮುಂದೆ 1946ರಲ್ಲಿ ಇಲ್ಲಿ ಕೃಷಿ ಕಾಲೇಜು ಬಂದಿತು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಆರಂಭವಾಯಿತು. ಚೆನ್ನಾಗಿ ಉಳುವುದು ಒಳ್ಳೆಯ ಬೇಸಾಯದ ಮೊದಲ ಪಾಠವೆಂದು ನಂಬಿದ್ದ ಕಾಲವದು.

ಅದೇ 1913ರಲ್ಲಿ ಜಪಾನಿನಲ್ಲಿ ಮಸನೊಬು ಫುಕುವೋಕಾ ಹುಟ್ಟಿದರು. ಅವರೂ ಸಸ್ಯರೋಗ ಶಾಸ್ತ್ರವನ್ನು ಕಲಿತವರೇ. ಯೊಕೊಹಾಮಾದ ಸರ್ಕಾರಿ ನೌಕರಿ ಬಿಟ್ಟು ಹಳ್ಳಿಗೆ ಮರಳಿದ ಅವರು ಕಿತ್ತಳೆ ಜಾತಿಯ ಮರಗಳ ನಡುವೆ ಕಳೆಗಳ ಜೊತೆಗೇ ಮೂಲಂಗಿ ಮುಂತಾದ ತರಕಾರಿಗಳ ಬೀಜ ಎರಚಿದರು. ನೆಲವನ್ನು ಉಳಲಿಲ್ಲ. ಮೊದಮೊದಲು ಸವರುವುದನ್ನೂ ದಿಢೀರನೆ ನಿಲ್ಲಿಸಿ, ತಂದೆಯ ತೋಟದ ಅನೇಕ ಮರಗಳನ್ನು ಕಳೆದುಕೊಂಡರು. ಸುಮ್ಮನೆ ಕೈಬಿಡುವುದು ಬೇಸಾಯವಲ್ಲ ಎಂಬ ಪಾಠ ಅವರಿಗೆ ದೊರೆತದ್ದು ಹೀಗೆ. 1975ರಲ್ಲಿ ಅವರ ಅನುಭವ ಪುಸ್ತಕವಾಯಿತು. ಪೂರ್ಣಚಂದ್ರ ತೇಜಸ್ವಿಯವರು 'ಸಹಜ ಕೃಷಿ'ಯ ಮೂಲಕ ಆ ವಿಚಾರವನ್ನು ಕನ್ನಡಿಗರಿಗೆ ಪರಿಚಯಿಸಿದರು.

ಹೆಬ್ಬಾಳದಿಂದ ಯಲಹಂಕ ದಾಟಿ ಮುಂದೆ ಹೋದರೆ ದೊಡ್ಡಬಳ್ಳಾಪುರ ತಾಲ್ಲೂಕು. ಅಲ್ಲಿಯ ಮರೇನಹಳ್ಳಿಯಲ್ಲಿ ತೋಟ ಮಾಡಿದ್ದ ಎಲ್. ನಾರಾಯಣ ರೆಡ್ಡಿಯವರು ಬೇಸಾಯದ ಮೊದಲ ದಿನಗಳಲ್ಲಿ ರಾಸಾಯನಿಕ ಗೊಬ್ಬರ ಹಾಕಿಯೇ ಬೆಳೆದವರು. ಖರ್ಚು ಹೆಚ್ಚಿ ಕೈಯಲ್ಲಿ ಉಳಿಯುವುದು ಕಡಿಮೆಯಾದಾಗ ಫುಕುವೋಕಾರ ವಿಚಾರ ಅವರಿಗೆ ದಾರಿ ತೋರಿತು. ಮರ, ತರಗೆಲೆಯ ಹೊದಿಕೆ, ಎರೆಹುಳು ಇವುಗಳನ್ನು ನಂಬಿ ಕೆಲವೇ ಎಕರೆಯಲ್ಲಿ ಬದುಕು ಕಟ್ಟಿಕೊಂಡರು. 2019ರಲ್ಲಿ ತೀರಿಕೊಳ್ಳುವವರೆಗೂ ನೂರಾರು ರೈತರಿಗೆ ಅದನ್ನೇ ಹೇಳಿಕೊಟ್ಟರು.

ಇದರ ಹಿಂದಿನ ವಿಜ್ಞಾನವೇನು? ನಮ್ಮ ಕೆಂಪು ಮಣ್ಣಿನಲ್ಲಿ ಸಾವಯವ ಅಂಶ ಕಡಿಮೆ. ಪದೇ ಪದೇ ಉತ್ತಾಗ ಮಣ್ಣಿಗೆ ಗಾಳಿ ಹೆಚ್ಚಾಗಿ ಸೇರಿ ಆ ಅಂಶ ಬೇಗ ಕರಗುತ್ತದೆ. ಎರೆಹುಳುವಿನ ಬಿಲಗಳೂ ಶಿಲೀಂಧ್ರದ ಎಳೆಗಳೂ ಹರಿದುಹೋಗುತ್ತವೆ. ಬರಿ ನೆಲದ ಮೇಲೆ ಮಳೆಹನಿ ಬಡಿದರೆ ಮೇಲ್ಮೈ ಹೆಪ್ಪುಗಟ್ಟಿ, ನೀರು ಇಂಗದೆ ಮಣ್ಣನ್ನೂ ಹೊತ್ತು ಹರಿಯುತ್ತದೆ. ಎಲೆ, ಹುಲ್ಲಿನ ಹೊದಿಕೆ ಆ ಪೆಟ್ಟನ್ನು ತಡೆಯುತ್ತದೆ. ಕೊಳವೆಬಾವಿಯನ್ನೇ ನಂಬಿರುವ ಈ ಭಾಗದಲ್ಲಿ ಇಂಗಿದ ಪ್ರತಿ ಹನಿಯೂ ಅಮೂಲ್ಯ.

ಹಾಗೆಂದು ನೇಗಿಲನ್ನು ಹಳಿಯಬೇಕಿಲ್ಲ. ಉಳುಮೆ ಬಿಟ್ಟ ಮೊದಲ ವರ್ಷಗಳಲ್ಲಿ ಕಳೆಯ ಕಾಟವಿರುತ್ತದೆ, ಇಳುವರಿಯೂ ತಗ್ಗಬಹುದು. ಸಣ್ಣ ತೋಟದಲ್ಲಿ ಕೈಯಿಂದ ಕಳೆ ಕೊಯ್ದು ಅಲ್ಲಿಯೇ ಹಾಸುವುದು ಸಾಧ್ಯ. ದೊಡ್ಡ ಹೊಲದಲ್ಲಿ ಅದು ಕಷ್ಟ.

ವಿದ್ಯಾರ್ಥಿಗಳೇ, ನಿಮ್ಮ ಶಾಲೆಯ ಅಂಗಳದಲ್ಲಿ ಎರಡು ಪಾತಿ ಮಾಡಿ. ಒಂದನ್ನು ಅಗೆಯಿರಿ, ಇನ್ನೊಂದಕ್ಕೆ ತರಗೆಲೆ ಹೊದಿಸಿ. ಎರಡರಲ್ಲೂ ಬೆಂಡೆ ಬೀಜ ಊರಿ, ಒಂದೇ ಅಳತೆಯ ನೀರು ಹಾಕಿ. ಯಾವ ಮಣ್ಣು ಹೆಚ್ಚು ದಿನ ತೇವವಾಗಿರುತ್ತದೆಂದು ಬರೆದಿಡಿ. ಕೋಲ್ಮನ್ನರೂ ಫುಕುವೋಕಾರೂ ಹಿಡಿದದ್ದು ಬೇರೆ ಬೇರೆ ದಾರಿ; ಆದರೆ ಇಬ್ಬರೂ ನೆಲವನ್ನೇ ಕೇಳಿ ತಿಳಿದವರು.