ದಿಕ್ಕು ಬದಲಿಸಿದ ಕೊಳೆನೀರು



ಅಧ್ಯಾಪಕನಾಗಿದ್ದಾಗ ಅರಮನೆ, ಅಣೆಕಟ್ಟು, ಸೇತುವೆಗಳನ್ನು ಕಟ್ಟಿಸಿದವರ ಹೆಸರುಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಚರಂಡಿಯ ಚರಿತ್ರೆಯನ್ನು ಮಾತ್ರ ಒಂದು ದಿನವೂ ಹೇಳಲಿಲ್ಲ. ಆ ಬಾಕಿಯನ್ನು ಇಂದು ತೀರಿಸುತ್ತಿದ್ದೇನೆ.

ನ್ಯೂಯಾರ್ಕ್ ನಗರದ ಸುರಂಗ ರೈಲುಮಾರ್ಗದ ಕಾಮಗಾರಿಗೆ 1900ರ ಮಾರ್ಚ್ 24ರಂದು ವಿಧ್ಯುಕ್ತ ಚಾಲನೆ ದೊರೆಯಿತು. ಪ್ರಯಾಣಿಕರು ಹೆಚ್ಚು ಮೆಟ್ಟಿಲಿಳಿಯಬಾರದೆಂದು ಮುಖ್ಯ ಎಂಜಿನಿಯರ್ ವಿಲಿಯಂ ಬಾರ್ಕ್ಲೇ ಪಾರ್ಸನ್ಸ್ ಬಹುಭಾಗ ಮಾರ್ಗವನ್ನು ರಸ್ತೆಯ ತಳದಲ್ಲೇ, ಅಗೆದು ಮುಚ್ಚುವ ಕ್ರಮದಲ್ಲಿ ಯೋಜಿಸಿದರು. ಆದರೆ ಅಲ್ಲಿ ಒಳಚರಂಡಿಗಳು ಮೊದಲೇ ಠಿಕಾಣಿ ಹೂಡಿದ್ದವು! ಕುಡಿಯುವ ನೀರಿನ ಕೊಳವೆ ಒತ್ತಡದಿಂದ ಹರಿಯುವುದರಿಂದ ಅದನ್ನು ಮೇಲಕ್ಕೂ ಬಾಗಿಸಬಹುದು. ಚರಂಡಿಗೆ ಇಳಿಜಾರೇ ಗತಿ. ಹೀಗಾಗಿ ಮಾರ್ಗದುದ್ದಕ್ಕೂ ಸುಮಾರು 7 ಮೈಲು, ಮಾರ್ಗದಿಂದಾಚೆ ಸುಮಾರು 5 ಮೈಲು ಚರಂಡಿಯನ್ನು ಹೊಸದಾಗಿ ಕಟ್ಟಬೇಕಾಯಿತು.

149ನೆಯ ಬೀದಿಯಲ್ಲಿ ಚರಂಡಿಯನ್ನು ರೈಲುಮಾರ್ಗದ ಅಡಿಯಲ್ಲಿ ಇಳಿಸಿ ಮತ್ತೆ ಏರಿಸುವ ಎರಡು ಬೀಡುಕಬ್ಬಿಣದ ಕೊಳವೆಗಳನ್ನು ಹೂಳಿದರು. ಒಂದನ್ನು ಮುಚ್ಚಿ ಶುಚಿಗೊಳಿಸುವಾಗ ಇನ್ನೊಂದು ಹರಿಯುತ್ತಿರಬೇಕು. 'ಯು' ಆಕಾರದ ಗಾಜಿನ ನಳಿಕೆಯನ್ನು ಪ್ರಯೋಗಾಲಯದಲ್ಲಿ ಕಂಡವರಿಗೆ ಇದರ ಮರ್ಮ ತಿಳಿಯದಿರದು.

ಆದರೆ ನನ್ನನ್ನು ಸೆಳೆದದ್ದು ಕೆನಾಲ್ ಸ್ಟ್ರೀಟ್. ಅದರ ಸಮೀಪ 'ಕಲೆಕ್ಟ್ ಪಾಂಡ್' ಎಂಬ ಸಿಹಿನೀರಿನ ಕೆರೆಯಿತ್ತು. ಹದಿನೆಂಟನೆಯ ಶತಮಾನದಲ್ಲಿ ಚರ್ಮ ಹದಮಾಡುವವರೂ ಕಸಾಯಿಖಾನೆಯವರೂ ಅದನ್ನು ಕೊಳೆಗುಂಡಿಯಾಗಿಸಿದರು. ಮುಂದೆ ಕಾಲುವೆ ತೋಡಿ ನೀರನ್ನು ಪಶ್ಚಿಮದ ಹಡ್ಸನ್ ನದಿಗೆ ಹರಿಸಿ, ಕೆರೆಯನ್ನು ತುಂಬಿಸಿದರು. ಆ ಕಾಲುವೆಯೂ ನಾರತೊಡಗಿದಾಗ 1819ರಲ್ಲಿ ಅದನ್ನು ಮುಚ್ಚಿದರು. ಕೆರೆ ಹೋಯಿತು, ಕಾಲುವೆ ಚರಂಡಿಯಾಯಿತು, ಬೀದಿಗೆ ಹೆಸರು ಮಾತ್ರ ಉಳಿಯಿತು. ನಮ್ಮೂರುಗಳ ಕೆರೆಗಳ ಕಥೆಯೂ ಇದೇ ತಾನೆ?

ರೈಲುಮಾರ್ಗ ಈ ಚರಂಡಿಗೆ ಅಡ್ಡಬಂದಾಗ ಎಂಜಿನಿಯರುಗಳು ಅದನ್ನು ತುಂಡರಿಸಿದರು. ಪಶ್ಚಿಮದ ಭಾಗಕ್ಕೆ ಅಡ್ಡಗೋಡೆ ಕಟ್ಟಿ ಹಾಗೆಯೇ ಬಳಸಿದರು; ಪೂರ್ವದ ಕೊಳೆಯನ್ನು ಹೊಸ ಚರಂಡಿಯ ಮೂಲಕ ಈಸ್ಟ್ ರಿವರ್‌ಗೆ ತಿರುಗಿಸಿದರು. ಚಾಥಮ್ ಚೌಕದಲ್ಲಿ ಟ್ರ್ಯಾಮುಗಳು, ಎತ್ತರದ ರೈಲಿನ ಕಂಬಗಳು, ಗಾಡಿಗಳ ದಟ್ಟಣೆ; ರಸ್ತೆಯನ್ನು ಮುಟ್ಟುವಂತಿರಲಿಲ್ಲ. ಆದುದರಿಂದ ಜರಿಯುವ ನುಣ್ಣನೆಯ ಮರಳಿನಲ್ಲಿ ಹಲಗೆಗಳನ್ನು ಜ್ಯಾಕ್‌ಗಳಿಂದ ಮುಂದೊತ್ತಿ ಮಾಡಿಗೆ ಆಸರೆ ಕೊಡುತ್ತಾ, ಆರೂವರೆ ಅಡಿಯ ಇಟ್ಟಿಗೆಯ ಕೊಳವೆಯನ್ನು ಕೆಲಸಗಾರರು ಕಟ್ಟಿದರು. ಮೇಲೆ ನಡೆದಾಡಿದವರಿಗೆ ಅದರ ಸುಳಿವೂ ಸಿಕ್ಕಿರಲಾರದು.

1904ರ ಅಕ್ಟೋಬರ್ 27ರಂದು ಮೇಯರ್ ಮೆಕ್ಲೆಲನ್ ಮೊದಲ ರೈಲನ್ನು ತಾವೇ ನಡೆಸಿದರು. ಹಿಡಿದ ಹಿಡಿಕೆಯನ್ನು ಬಿಡಲು ಬಹುದೂರದವರೆಗೆ ಒಪ್ಪಲಿಲ್ಲವಂತೆ. ಟಿಕೆಟ್ ಐದು ಸೆಂಟ್.

ಇತ್ತ ಕೊಳೆ ಶುದ್ಧಿಯಾಗದೆಯೇ ಹರಿಯುತ್ತಿತ್ತು, ನದಿ ಮಾತ್ರ ಬೇರೆಯಾಗಿತ್ತು. ಮನೆಯಲ್ಲಿ ಬಚ್ಚಲಿಲ್ಲದ ಬಡವರಿಗಾಗಿ 1870ರಿಂದ ನಗರದ ನದಿಗಳಲ್ಲಿ ತೇಲುವ ಸ್ನಾನಗೃಹಗಳಿದ್ದವು. ಬೇಸಿಗೆಯಲ್ಲಿ ಮಕ್ಕಳು ಅಲ್ಲಿ ನದಿಯ ನೀರಿನಲ್ಲೇ ಮೀಯುತ್ತಿದ್ದರು.